ನಾಯಿ ಕಳೆದುಕೊಂಡವಳ ಪಾತ್ರ

ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ಪುಟ್ಟಿಗೆ,

ನಿನ್ನ ಅಮ್ಮನ ಆಶೀರ್ವಾದ. ಇದೊಂದರಲ್ಲಿ ನೀನು ಸಂಶಯಪಡಬೇಕಾಗಿಲ್ಲ. ಈ ಕಾಗದದಲ್ಲಿ ಮಿಕ್ಕದ್ದೆಲ್ಲ ಸಂಶಯವೇ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ಬಹಳ ಜಾಣೆ. ನಾನು ಬೇಕಾದ ಮಾತು ಎತ್ತಿದ ಕೂಡಲೇ ಅಲ್ಲಿ ಯಾರೋ ಕರೆಯುತ್ತಾರೆ, ಯಾವುದೋ ಹಸು ಬಂದು ನಿಲ್ಲುತ್ತದೆ, ಆಮೇಲೆ ಮಾಡ್ತೀನಮ್ಮ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಹಸು ಅಡ್ಡ ಬರುವುದಿಲ್ಲ. ಕೈ ತೊಳೆದುಕೊಂಡು, ಕುಳಿತು, ಕೊನೆಯವರೆಗೆ ಓದು.

ನಾನು ಕೇಳಬೇಕಾದ್ದು ಒಂದೇ ಮಾತು. ನಮ್ಮ ದೊರೆ ಹೇಗೆ ಸತ್ತ?

ಕಿಡ್ನಿ ಕೆಟ್ಟಿತ್ತು ಎಂದು ನೀನು ಹೇಳಿದೆ. ನಾಯಿಗಳ ಡಾಕ್ಟರು ನೀನು, ನಾಯಿಗೆ ಅನ್ನ ಹಾಕಿದವಳು ನಾನು. ನಂಬಿದೆ. ಆ ನಂಬಿಕೆ ಮೊನ್ನೆ ಅಲುಗಾಡಿತು. ಕೇವಲ ಮೂರು ಮಕ್ಕಳು ಸೇರಿ ಅದನ್ನು ಅಲುಗಾಡಿಸಿದರು. ಹೇಗೆ ಎಂದು ಮೊದಲಿನಿಂದ ಹೇಳುತ್ತೇನೆ. ಕಥೆ ಹೇಳಿಯೇ ಸಂಬಳ ಎಣಿಸಿದವಳು ನಾನು, ಬಾಲ ಹಿಡಿದು ಎಳೆದರೆ ನನಗೆ ಸಮಾಧಾನವಾಗುವುದಿಲ್ಲ.

ನೀನು ಕೆಲಸ ಬದಲಿಸಿ ಆ ದೂರದ ಊರಿಗೆ ಹೋದ ಮೇಲೆ ನಾನು ಮನೆಯಲ್ಲಿ ಗೋಡೆ ನೋಡುತ್ತಾ ಕುಳಿತಿದ್ದೆ. ಮಕ್ಕಳ ಗ್ರಂಥಾಲಯದಲ್ಲಿ ನಿವೃತ್ತಿಯಾದ ಮೇಲೆ ನನ್ನ ಕಥೆ ಕೇಳುತ್ತಿದ್ದವನು ದೊರೆಯೊಬ್ಬನೇ. ಅವನೂ ಇಲ್ಲ. ಆಗ ಒಂದು ದಿನ ನಿನ್ನ ಸಹಪಾಠಿ ಬಂದಳು, ಗುಂಗುರು ಕೂದಲಿನವಳು, ನೀವೆಲ್ಲ ಗುಂಗುರಿ ಎನ್ನುತ್ತಿದ್ದಿರಲ್ಲ, ಅವಳು. ಈಗ ಅವಳು ಪಶುವೈದ್ಯ ಕಾಲೇಜಿನಲ್ಲಿ ಮೇಡಮ್ಮು. ಆಂಟಿ, ನಮಗೆ ಸುಳ್ಳು ಯಜಮಾನರು ಬೇಕಾಗಿದ್ದಾರೆ ಎಂದಳು. ನಾನು ಕಾಲ ಕೆಟ್ಟಿತು ಅಂದುಕೊಂಡೆ. ಆಮೇಲೆ ವಿವರಿಸಿದಳು. ಹುಡುಗರು ಕೊಯ್ಯುವುದು ಕಲಿಯುತ್ತಾರಂತೆ, ಹೊಲಿಯುವುದು ಕಲಿಯುತ್ತಾರಂತೆ, ಪ್ರಾಣಿಯ ಯಜಮಾನನ ಜೊತೆ ನಾಲ್ಕು ಮಾತಾಡುವುದು ಮಾತ್ರ ಬರುವುದಿಲ್ಲವಂತೆ. ದನ ಮಾತಾಡುವುದಿಲ್ಲ, ಸದ್ಯ ಬದುಕಿದೆವು ಎಂದು ಈ ಓದಿಗೆ ಸೇರಿದವರು, ದನದ ಹಿಂದೆಯೇ ಬರುವ ದನದ ಒಡತಿಯ ಬಾಯಿಗೆ ಸಿಕ್ಕಿಬೀಳುತ್ತಾರೆ. ಅದಕ್ಕೇ ಒಂದು ಪರೀಕ್ಷೆ. ಒಂದು ಕೋಣೆ, ಒಂದು ಮೇಜು, ಎದುರುಬದುರು ಕುರ್ಚಿ, ಅಳುವವರಿಗೆಂದು ಕಾಗದದ ಕರವಸ್ತ್ರದ ಡಬ್ಬಿ. ಮೂಲೆಯಲ್ಲಿ ಅಂಕ ಹಾಕುವವರು. ನಾನು ಒಡತಿ. ಹುಡುಗ ಡಾಕ್ಟರು. ಪ್ರಾಣಿ ಮಾತ್ರ ಇರುವುದಿಲ್ಲ.

ಇದನ್ನೆಲ್ಲ ನಿನಗೆ ಹೇಳಿರಲಿಲ್ಲ. ಹೇಳಿದರೆ ಈ ವಯಸ್ಸಿನಲ್ಲಿ ನಾಟಕ ಬೇಕಾ ಎನ್ನುತ್ತೀ ಎಂದು ಸುಮ್ಮನಿದ್ದೆ. ಈಗ ಅನಿಸುತ್ತದೆ, ಹೇಳದೇ ಇದ್ದದ್ದೇ ಒಳ್ಳೆಯದಾಯಿತು. ಹೇಳಿದ್ದರೆ ನೀನು ತಡೆಯುತ್ತಿದ್ದೆ. ಯಾಕೆ ತಡೆಯುತ್ತಿದ್ದೆ ಎಂಬುದು ಆಗ ನನಗೆ ತಿಳಿಯುತ್ತಿರಲಿಲ್ಲ.

ಒಳ್ಳೆಯ ಪಾತ್ರಗಳನ್ನೇ ಮಾಡಿದೆ, ಸುಳ್ಳಲ್ಲ. ಒಂದು ಸಲ ಕೋಳಿ ಸಾಕುವವಳಾದೆ, ಜ್ವರ ಬಂದ ಕೋಳಿಗಳನ್ನು ಗುಟ್ಟಾಗಿ ಮಾರಲು ಹೊರಟವಳು. ಇನ್ನೊಂದು ಸಲ ಹಾಲು ಮಾರುವವಳಾದೆ. ಹಸುವಿಗೆ ಔಷಧಿ ಕೊಟ್ಟಿದ್ದೇವೆ, ಅದು ಹಾಲಿನಲ್ಲಿ ಇಳಿಯುತ್ತದೆ, ಅಷ್ಟು ದಿನ ಹಾಲು ಚೆಲ್ಲಬೇಕು ಎಂದು ಹುಡುಗ ಹೇಳಬೇಕು. ಹೇಳಿದ. ನಾನು ಕೊಟ್ಟ ಉತ್ತರಕ್ಕೆ ಅವನು ಪೆನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಹೋದ. ಗುಂಗುರಿ ಬಂದು, ಆಂಟಿ, ಸ್ವಲ್ಪ ಕಮ್ಮಿ ಮಾಡಿ, ಇವರು ಮೊದಲ ಸಲ ಬರ್ತಾ ಇರೋರು ಎಂದಳು. ಹಾಲು ಮಾರುವವಳು ಕಮ್ಮಿ ಮಾಡ್ತಾಳಾ ಎಂದು ನಾನು ಕೇಳಿದೆ.

ನನ್ನ ಜೊತೆಗೆ ಪಾತ್ರ ಮಾಡುವವನು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಮಗ ಬೇಕಾದರೆ ಮಗ, ಗಂಡ ಬೇಕಾದರೆ ಗಂಡ, ಎಲ್ಲದಕ್ಕೂ ಅವನೇ. ತಲೆ ನನಗಿಂತ ಬೆಳ್ಳಗಿದೆ. ಮಗನ ಪಾತ್ರ ಬಂದ ದಿನ ಟೋಪಿ ಹಾಕಿಕೊಂಡು ಬರುತ್ತಾನೆ.

ಮೊನ್ನೆಯದು ದೊಡ್ಡ ಪರೀಕ್ಷೆ, ಹೊರಗಿನಿಂದ ಅಂಕ ಹಾಕುವವರು ಬರುತ್ತಾರೆ ಎಂದು ಗುಂಗುರಿ ಹೊಸ ಕಥೆ ತಂದಿದ್ದಳು. ಇವರದೊಂದು ಪದ್ಧತಿ ಇದೆ, ನಿನಗೆ ಗೊತ್ತೇ ಇರುತ್ತದೆ. ಕಥೆಯನ್ನು ಹಂಚುತ್ತಾರೆ. ಒಡತಿಗೆ ಎಷ್ಟು ಗೊತ್ತೋ ಅಷ್ಟನ್ನೇ ನನಗೆ ಹೇಳುತ್ತಾರೆ. ಡಾಕ್ಟರಿಗೆ ಗೊತ್ತಿರುವುದು ವಿದ್ಯಾರ್ಥಿಗೆ. ಮನೆಯವರ ಗುಟ್ಟು ಕಂಡಕ್ಟರನಿಗೆ. ನನಗೆ ಗೊತ್ತಿಲ್ಲದ್ದು ನನಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಹಾಗಿದ್ದರೇ ಮುಖದಲ್ಲಿ ಸರಿಯಾಗಿ ಬರುತ್ತದಂತೆ.

ನನ್ನ ಪಾಲಿನ ಕಥೆಯನ್ನು ಗುಂಗುರಿ ಬಾಯಲ್ಲೇ ಹೇಳಿದಳು. ನಾನು ಒಬ್ಬಳು ಮುದುಕಿ. ನನ್ನ ಮಗ ಪಶುವೈದ್ಯ. ಮನೆಯಲ್ಲಿ ಒಂದು ಬೀದಿನಾಯಿ ಸಾಕಿಕೊಂಡಿದ್ದೆ, ತಟ್ಟೆಯಲ್ಲಿಟ್ಟರೆ ತಿನ್ನದು, ನನ್ನ ಕೈಯಿಂದಲೇ ತಿನ್ನಬೇಕು. ಅದಕ್ಕೆ ಹುಷಾರಿಲ್ಲ ಎಂದು ಮಗ ಆಸ್ಪತ್ರೆಗೆ ಒಯ್ದ. ಕಿಡ್ನಿ, ನಿದ್ದೆಯಲ್ಲೇ ಹೋಯಿತು ಎಂದ. ಹೂಳಲು ದೇಹ ಕೇಳಿದರೆ ಕೊಡಲಿಲ್ಲ. ಈಗ ನಾನು ಆಸ್ಪತ್ರೆಗೆ ಬಂದಿದ್ದೇನೆ, ದೇಹ ಯಾಕೆ ಕೊಡಲಿಲ್ಲ ಎಂದು ಡಾಕ್ಟರನ್ನು ಕೇಳಲು.

ಪುಟ್ಟಿ, ನಾನು ನಕ್ಕೆ. ಗುಂಗುರಿ, ಈ ಪಾತ್ರಕ್ಕೆ ನನಗೆ ತಯಾರಿ ಬೇಕಾಗಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದವಳಂತೆ ಕಂಡಳು ಎಂದು ಹೇಳುವುದು ಸರಿ. ಪ್ರಪಂಚದಲ್ಲಿ ಕೈತುತ್ತು ತಿನ್ನುವ ನಾಯಿ ದೊರೆಯೊಬ್ಬನೇ ಇರಲಾರ. ಪಶುವೈದ್ಯರಿರುವ ಮನೆಯೂ ನಮ್ಮದೊಂದೇ ಅಲ್ಲ. ದೇಹ ಕೊಡದ ಆಸ್ಪತ್ರೆಯೂ ಒಂದೇ ಇರಲಿಕ್ಕಿಲ್ಲ. ಒಂದೊಂದಾಗಿ ನೋಡಿದರೆ ಏನೂ ಇಲ್ಲ. ಮೂರೂ ಒಂದೇ ಗಾಡಿಯಲ್ಲಿ ಬಂದು ಇಳಿದರೆ, ಎಲ್ಲಿಂದ ಬಂದಿರಪ್ಪಾ ಎಂದು ಕೇಳಬೇಕೋ ಬೇಡವೋ? ಆದರೆ ನಾನು ಕೇಳಲಿಲ್ಲ. ನೋಡೋಣ ಎಂದು ಕುಳಿತೆ.

ಮೊದಲು ಬಂದವಳು ಕುಳ್ಳಿ, ಚುರುಕು. ಕೋಣೆಯ ಹೊರಗೆ ಮಗನ ಪಾತ್ರದ ಕಂಡಕ್ಟರ್ ಅವಳ ಕಿವಿಯಲ್ಲಿ ಏನೋ ಊದಿದ್ದ, ಬಾಗಿಲ ಗಾಜಿನಲ್ಲಿ ಕಂಡಿತು. ಆಮೇಲೆ ಅವನೂ ಒಳಗೆ ಬಂದು ಕಿಟಕಿಯ ಹತ್ತಿರ ಕುಳಿತ. ಒಳಗೆ ಬಂದು ಕುಳಿತವಳು ನಮಸ್ಕಾರ ಹೇಳಿದಳು, ನಾಯಿಯ ಹೆಸರು ಕೇಳಿದಳು, ಪಾಪ ಎಂದಳು. ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ನನ್ನ ಎರಡೂ ಕೈ ಹಿಡಿದು ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದಳು. ಗಾಯ ಇತ್ತಾ, ಉಗುರಿನ ಹತ್ತಿರ ಸಿಗಿದಿತ್ತಾ, ಜೊಲ್ಲು ತಾಗಿದ ಮೇಲೆ ಎಷ್ಟು ಹೊತ್ತಿಗೆ ಕೈ ತೊಳೆದಿರಿ ಎಂದು ಕೇಳಿದಳು. ಕಿಡ್ನಿ ಕೆಟ್ಟದ್ದು ನಾಯಿಗೆ. ನನ್ನ ಉಗುರಿನ ಚಿಂತೆ ಇವಳಿಗೇಕೆ? ಯಾಕಮ್ಮಾ ಕೇಳ್ತೀಯ ಎಂದೆ. ಸುಮ್ಮನೆ ಎಂದಳು. ಸುಮ್ಮನೆ ಎಂದವರನ್ನು ನಾನು ಎಂದೂ ನಂಬಿದವಳಲ್ಲ, ನಿನ್ನನ್ನೂ ಸೇರಿಸಿ.

ಎರಡನೆಯವನು ಬಾಯಿಬಡುಕ. ಬಂದದ್ದೇ ಸಮಾಧಾನ ಶುರು ಮಾಡಿದ. ಸಮಾಧಾನ ಎಂದರೆ ಅಂಥಿಂಥದಲ್ಲ, ಹುಟ್ಟಿದವರು ಹೋಗಲೇಬೇಕು ಎಂಬಲ್ಲಿಂದ ಹಿಡಿದು. ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವನ ಬಾಯಿಂದ ಒಂದು ಮಾತು ಜಾರಿತು.

"ಅದಕ್ಕೆ ಒಂಚೂರೂ ನೋವಾಗಿಲ್ಲ ಅಜ್ಜಿ. ಮೊದಲು ಮಂಪರು ಬರಿಸಿ, ಆಮೇಲೇ ಮಲಗಿಸಿದ್ದು."

ಮಲಗಿಸಿದ್ದು! ನಿದ್ದೆಯಲ್ಲಿ ತಾನಾಗಿ ಹೋಯಿತು ಎಂದು ನನ್ನ ಕಥೆಯಲ್ಲಿದೆ. ತಾನಾಗಿ ಹೋದದ್ದನ್ನು ಮಲಗಿಸುವವರು ಯಾರು? ನಾನು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಹುಡುಗ ಕಂಡಕ್ಟರನ ಕಡೆ ನೋಡಿದ. ಕಂಡಕ್ಟರ್ ಕಿಟಕಿಯ ಕಡೆ ನೋಡಿದ. ಆ ಪ್ರಶ್ನೆ ಕೇಳಿದ್ದು ಪಾತ್ರವಲ್ಲ, ನಾನು.

ಮೂರನೆಯವಳು ಮೆಲುದನಿಯ ಹುಡುಗಿ. ಮೂಲೆಯವರು ಎರಡು ಸಲ ಜೋರಾಗಿ ಮಾತಾಡಿ ಎನ್ನಬೇಕಾಯಿತು. ಬಂದು ಕುಳಿತಳು. ಕಂಡಕ್ಟರ್ ಕೆಮ್ಮಿದ. ಅವಳು ತನ್ನ ಕುರ್ಚಿಯನ್ನು ಎತ್ತಿ ನನ್ನ ಪಕ್ಕಕ್ಕೆ ಇಟ್ಟುಕೊಂಡಳು, ಅವನಿಗೆ ಬೆನ್ನು ಬರುವ ಹಾಗೆ.

"ಅಜ್ಜಿ, ನಿಮ್ಮ ಮಗ ಹೊರಗೆ ನನ್ನ ಹತ್ರ ಒಂದು ಮಾತು ತಗೊಂಡಿದ್ದಾರೆ. ಅವರು ನನಗಿಂತ ದೊಡ್ಡ ಡಾಕ್ಟರು. ಆದರೂ ಆ ಮಾತು ಮುರೀತಾ ಇದ್ದೀನಿ. ಶಕ್ತಿಗೆ ಅಂತ ನಿಮಗೆ ಇಂಜೆಕ್ಷನ್ ಕೊಡಿಸ್ತಾ ಇದ್ದಾರಲ್ಲ, ಅದು ಶಕ್ತಿಗಲ್ಲ. ಚುಚ್ಚೋದು ನಿಮ್ಮ ತೋಳಿಗೆ. ಯಾಕೆ ಅಂತ ನಿಮಗೆ ಗೊತ್ತಿರಬೇಕು."

ನನಗೆ ಯಾರೂ ಇಂಜೆಕ್ಷನ್ನಿನ ಮಾತೇ ಹೇಳಿರಲಿಲ್ಲ, ಪುಟ್ಟಿ. ನನ್ನ ಪಾಲಿನ ಕಥೆಯಲ್ಲಿ ಅದು ಇರಲೇ ಇಲ್ಲ.

ಆಮೇಲೆ ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ನಾಯಿಗೆ ಬಂದದ್ದು ಕಿಡ್ನಿ ರೋಗವಲ್ಲ, ಹುಚ್ಚು, ರೇಬೀಸ್ ಅಂತಾರಲ್ಲ ಅದು. ಅದು ಖಚಿತವಾಗಬೇಕಾದರೆ ಮಿದುಳನ್ನು ಪರೀಕ್ಷೆಗೆ ಕಳಿಸಬೇಕು, ಅದಕ್ಕೇ ದೇಹ ಕೊಡಲಿಲ್ಲ. ಆ ನಾಯಿಗೆ ಲಸಿಕೆ ಆಗಿತ್ತು. ಆದರೆ ಹೇಗೆ ಆಗಿತ್ತು? ಮಗ ಊರೂರು ತಿರುಗಿ ನಾಯಿಗಳಿಗೆ ಲಸಿಕೆ ಹಾಕುವ ಶಿಬಿರ ಮಾಡುತ್ತಿದ್ದ. ಬೀದಿಯ ನಾಯಿಗಳಿಗೆಲ್ಲ ಹಾಕಿ, ಸಂಜೆ ಪೆಟ್ಟಿಗೆಯ ತಳದಲ್ಲಿ ಉಳಿದ ಶೀಶೆಯನ್ನು ಮನೆಗೆ ತಂದು ಮನೆಯ ನಾಯಿಗೆ ಹಾಕಿದ. ಅಷ್ಟರಲ್ಲಿ ಪೆಟ್ಟಿಗೆಯ ಐಸ್ ನೀರಾಗಿ ದಿನವೆಲ್ಲ ಕಳೆದಿತ್ತು. ತಣ್ಣಗಿರದ ಲಸಿಕೆ ಬರೀ ನೀರು. ಊರ ನಾಯಿಗಳೆಲ್ಲ ಬದುಕಿದವು, ಮನೆಯದು ಸತ್ತಿತು. ಅದರ ಜೊಲ್ಲು ತಾಯಿಯ ಕೈಗೆ ತಾಗಿದೆ. ತಾಯಿ ಹೆದರುತ್ತಾಳೆ, ಹೇಳಬೇಡಿ ಎಂದು ಮಗ ಡಾಕ್ಟರನ್ನು ಕೇಳಿಕೊಂಡಿದ್ದಾನೆ. ಹೇಳಬೇಕೋ ಬೇಡವೋ, ಇದೇ ಪರೀಕ್ಷೆ.

ನಾನು ಏನು ಮಾಡಬೇಕಿತ್ತು? ಅಳಬೇಕಿತ್ತು, ಇಲ್ಲ ಮಗನನ್ನು ಬೈಯಬೇಕಿತ್ತು. ಅದನ್ನು ಬಿಟ್ಟು, "ನನ್ನ ಮಗಳು ಶಕ್ತಿಗೆ ಅಂತ ಹೇಳಿದ್ದಳಮ್ಮ" ಎಂದೆ. ಆ ಹುಡುಗಿಗೆ ಅದು ನಟನೆ. ನನ್ನ ಭುಜದ ಮೇಲೆ ಕೈ ಇಟ್ಟು ಸುಮ್ಮನೆ ಕುಳಿತಳು. ಡಬ್ಬಿಯಿಂದ ಕರವಸ್ತ್ರ ಕೂಡ ಎಳೆದು ಕೊಡಲಿಲ್ಲ. ಹಾಗೆ ಸುಮ್ಮನೆ ಕೂರುವುದು ಎಲ್ಲರಿಗೂ ಬರುವುದಿಲ್ಲ. ಮೂಲೆಯವರು ಅವಳಿಗೆ ಪೂರ್ತಿ ಅಂಕ ಹಾಕಿದರಂತೆ. ನನ್ನನ್ನೂ ಹೊಗಳಿದರು. ಮಗ ಎನ್ನುವ ಕಡೆ ಮಗಳು ಎಂದಿರಿ, ಪರವಾಗಿಲ್ಲ, ಅಷ್ಟು ತನ್ಮಯರಾಗಿದ್ದಿರಿ ಎಂದರು. ಕಂಡಕ್ಟರನಿಗೆ ಮಾತ್ರ ಏನೋ ಹೊಳೆದಿತ್ತು. ಹೊರಗೆ ಬಂದು ಟೋಪಿ ತೆಗೆದು, ನೀವು ಯಾವ ಸ್ಟಾಪಿನಲ್ಲಿ ಇಳೀತೀರಿ, ನಾನೂ ಬರ್ತೀನಿ ಎಂದ. ಮನೆಯ ಬಾಗಿಲವರೆಗೂ ಬಂದ. ಕಂಡಕ್ಟರ್ ಬಾಯಿ ಮುಚ್ಚಿಕೊಂಡು ಬಸ್ಸಿನಲ್ಲಿ ಬಂದದ್ದನ್ನು ನಾನೊಬ್ಬಳೇ ನೋಡಿರಬೇಕು.

ಮರುದಿನ ಗುಂಗುರಿಯ ಕೋಣೆಗೆ ಹೋದೆ. ಆ ಕಥೆ ಕಟ್ಟಿದವರು ಯಾರು ಎಂದು ಕೇಳಿದೆ. ಗೊತ್ತಿಲ್ಲ ಆಂಟಿ ಎಂದಳು. ದೇಶ ದೇಶದ ಪಶುವೈದ್ಯ ಮೇಷ್ಟ್ರುಗಳು ಸೇರಿ ಇಂಥ ಕಥೆಗಳದೊಂದು ಕಣಜ ಮಾಡಿಕೊಂಡಿದ್ದಾರಂತೆ. ಯಾರು ಬೇಕಾದರೂ ತಮ್ಮ ಅನುಭವ ಹಾಕಬಹುದು, ಹೆಸರು, ಊರು ಎಲ್ಲ ತೆಗೆದು. ಯಾರು ಬೇಕಾದರೂ ತಮ್ಮ ಕಾಲೇಜಿಗೆ ಎತ್ತಿಕೊಳ್ಳಬಹುದು. ಈ ಕಥೆಯನ್ನು ಎಷ್ಟೋ ದೇಶಗಳಲ್ಲಿ ಆಡಿದ್ದಾರಂತೆ. ನಮ್ಮ ಅಂಗಳ ದಾಟಲು ಹೆದರುತ್ತಿದ್ದ ನಾಯಿ ಏಳು ಸಮುದ್ರ ದಾಟಿ, ಯಾವ ಯಾವುದೋ ಭಾಷೆಯಲ್ಲಿ ಸತ್ತು, ತಿರುಗಿ ನನ್ನ ಕಾಲಬುಡಕ್ಕೇ ಬಂದು ಮಲಗಿದೆ.

ಗುಂಗುರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಈಗಲೂ ಸಂಶಯ. ಮಾತಾಡುವಾಗ ಕಿವಿ ತುರಿಸಿಕೊಂಡಳು. ಚಿಕ್ಕಂದಿನಲ್ಲಿ ನಮ್ಮ ಮನೆಯ ಕಿಟಕಿ ಗಾಜು ಒಡೆದ ದಿನವೂ ಹೀಗೇ ತುರಿಸಿಕೊಂಡಿದ್ದಳು. ಆದರೆ ಅವಳು ಇನ್ನೊಂದು ಮಾತು ಹೇಳಿದಳು. ಕಣಜಕ್ಕೆ ಹಾಕುವವರು ಪ್ರಶ್ನೆಯ ಜೊತೆಗೆ ತಮ್ಮ ಉತ್ತರವನ್ನೂ ಹಾಕಬೇಕಂತೆ. ಇದೊಂದು ಮಾತ್ರ ಉತ್ತರವಿಲ್ಲದೆ ಬಂದಿದೆಯಂತೆ. ಮೇಷ್ಟ್ರುಗಳೇ ಎರಡು ಬಣವಾಗಿ ಜಗಳವಾಡುತ್ತಿದ್ದಾರಂತೆ. ನಿನ್ನ ಬಗ್ಗೆಯೂ ಹೇಳಿದಳು. ನೀನೀಗ ಅಲ್ಲಿ ಶಿಬಿರದ ಪೆಟ್ಟಿಗೆಯೊಳಗೆ ತಾಸಿಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡುತ್ತೀಯಂತೆ, ಐಸ್ ಕರಗಿದರೆ ಶೀಶೆಗಳನ್ನು ಎಲ್ಲರೆದುರೇ ಒಡೆದು ಹಾಕುತ್ತೀಯಂತೆ, ಹುಡುಗರು ನಿನ್ನನ್ನು ಕಂಡರೆ ನಡುಗುತ್ತಾರಂತೆ. ಹೊಗಳಿಕೆ ಎಂದು ಹೇಳಿದಳು. ನಾನು ಹಾಗೆ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದು ಹಳೆಯದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದೆ.

ದೊರೆ ಮಂಚದ ಕೆಳಗೆ ಸೇರಿಕೊಂಡು ಹೊರಗೆ ಬರಲೊಲ್ಲದೆ ಇದ್ದ ದಿನ. ಬೊಗಳಿದರೆ ಗಂಟಲು ಕಟ್ಟಿದವರ ದನಿ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಹಲ್ಲುನೋವೇನೋ ಎಂದು ನಾನು ಹಾಲಲ್ಲಿ ಬ್ರೆಡ್ ನೆನೆಸಿ ಬಾಯಿಗೆ ಇಡಲು ಹೋದೆ. ಆಗ ನೀನು ಬಾಗಿಲಲ್ಲಿ ನಿಂತು ಕೂಗಿದೆಯಲ್ಲ, ಅಂಥ ದನಿ ನಿನ್ನ ಗಂಟಲಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮೊಣಕೈವರೆಗಿನ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು ನೀನು ಅವನನ್ನು ಎತ್ತಿದೆ. ನಿನ್ನ ಹಾಸಿಗೆಯಲ್ಲಿ ಮಲಗುತ್ತಿದ್ದ ನಾಯಿಗೆ ಗ್ಲೌಸ್ ಯಾಕೆ ಎಂದು ಆಗಲೇ ಕೇಳಬೇಕಿತ್ತು.

ಅದಕ್ಕೂ ಮೊದಲು ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿದೆ. ನೀರು ಬಿಟ್ಟು, ಸೋಪು ಹಚ್ಚಿ, ನನ್ನ ಬೆರಳು ಬೆರಳನ್ನೂ ಉಜ್ಜಿ ತೊಳೆದೆ. ಸಾಕು ಕಣೇ ಎಂದರೂ ಬಿಡಲಿಲ್ಲ. ಹೊಸ ಸೋಪು ಸವೆದು ತೆಳುವಾಯಿತು. ನೀನು ಮಣ್ಣಾಡಿ ಬಂದಾಗ ನಾನು ನಿನ್ನ ಕೈ ತೊಳೆಯುತ್ತಿದ್ದೆನಲ್ಲ, ಹಾಗೆ. ಪುಟ್ಟಿ, ಒಂದು ಮಾತು ಹೇಳಲೇ? ಆ ದಿನ ನನಗೆ ಬಹಳ ಸುಖವಾಗಿತ್ತು. ದೊಡ್ಡವಳಾದ ಮೇಲೆ ನೀನು ನನ್ನ ಕೈ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ದೊರೆ ಹೋದ ದುಃಖದಲ್ಲಿ ಅದನ್ನೇ ನೆನೆಸಿಕೊಂಡು ನಿದ್ದೆ ಮಾಡುತ್ತಿದ್ದೆ. ಈಗ ಅದೂ ಹುಚ್ಚಿನ ಜೊಲ್ಲು ತಾಗಿದರೆ ಮಾಡುವ ಮೊದಲ ಔಷಧಿ ಎಂದು ತಿಳಿಯಿತು. ನಾಯಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಈ ಸೋಪಿನ ಮೇಲೆ ಸಿಟ್ಟಿದೆ.

ಆಮೇಲೆ ಶಕ್ತಿಯ ಇಂಜೆಕ್ಷನ್. ನಿನ್ನ ಗೆಳತಿ ನರ್ಸು ಮನೆಗೇ ಬಂದು ಹಾಕಿದಳು. ದುಃಖದಲ್ಲಿ ಮೈ ಇಳಿದಿದೆ, ಇಬ್ಬರೂ ಹಾಕಿಸಿಕೊಳ್ಳೋಣ ಎಂದೆ ನೀನು. ನೀನು ಎರಡಕ್ಕೇ ನಿಲ್ಲಿಸಿದೆ, ನನಗೆ ಮಾತ್ರ ಮುಂದುವರಿಯಿತು. ನಿನಗೆ ಬೇಗ ಶಕ್ತಿ ಬಂತಲ್ಲೇ ಎಂದು ನಾನೇ ತಮಾಷೆ ಮಾಡಿದೆ. ನೀನು ನಗಲಿಲ್ಲ. ನಿಮಗೆಲ್ಲ ಓದುವಾಗಲೇ ಮುಂಚಿತವಾಗಿ ಹಾಕಿರುತ್ತಾರೆ, ಅದಕ್ಕೇ ನಿಮಗೆ ಎರಡು ಸಾಕು ಎಂದು ಮೆಲುದನಿಯ ಹುಡುಗಿಯನ್ನು ಕೇಳಿ ತಿಳಿದುಕೊಂಡೆ. ಕೊನೆಯದರ ಹೊತ್ತಿಗೆ ನರ್ಸು ರಜೆ ಹಾಕಿದ್ದಳು, ನೀನು ಹೊಸ ಊರಿಗೆ ಹೊರಟಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಹೇಳಿಟ್ಟಿದ್ದೀನಿ, ಹೋಗಿ ಹಾಕಿಸ್ಕೋ ಎಂದೆ. ಆಮೇಲೆ ಫೋನ್ ಮಾಡಿದಾಗಲೆಲ್ಲ ಅದೇ ಮಾತು, ಹಾಕಿಸ್ಕೊಂಡೆಯಾ, ಹಾಕಿಸ್ಕೊಂಡೆಯಾ. ಊಟ ಮಾಡಿದೆಯಾ ಎಂದೂ ಅಷ್ಟು ಸಲ ಕೇಳಿದವಳಲ್ಲ ನೀನು. ನಾನು ಆಯ್ತು ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ನನ್ನ ಸಂಶಯ ಎಲ್ಲಿ ಬಂದು ನಿಂತಿದೆ ಎಂದು ಕೇಳು. ನೀನು ಸುಳ್ಳು ಹೇಳಿದ್ದರಲ್ಲಿ ನನಗೆ ಸಂಶಯವಿಲ್ಲ. ಯಾಕೆ ಹೇಳಿದೆ ಎಂಬುದರಲ್ಲಿದೆ. ಅಮ್ಮ ಹೆದರುತ್ತಾಳೆ ಎಂದೋ? ಅಥವಾ ಆ ಕರಗಿದ ಪೆಟ್ಟಿಗೆಯ ವಿಷಯ ಅಮ್ಮನಿಗೆ ತಿಳಿಯಬಾರದು ಎಂದೋ? ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನಾನು ಆಡಿಕೊಳ್ಳುತ್ತೇನೆ ಎಂದು ಹೆದರಿದೆಯಾ? ಆಡಿಕೊಳ್ಳುತ್ತಿದ್ದೆ. ಸುಳ್ಳು ಹೇಳುವುದಿಲ್ಲ. ವಾರವೆಲ್ಲ ಆಡಿಕೊಳ್ಳುತ್ತಿದ್ದೆ. ಆದರೆ ಎಂಟನೆಯ ದಿನ ನಿನಗೆ ಚಹಾ ಮಾಡಿ ಕೊಡುತ್ತಿದ್ದೆ. ಬೀದಿಯ ಎಲ್ಲ ನಾಯಿಗಳಿಗೂ ತಣ್ಣಗಿನ ಶೀಶೆ ಸಿಗಲಿ, ನಮ್ಮವನಿಗೆ ಉಳಿದದ್ದು ಸಾಕು ಎಂದುಕೊಂಡವಳು ನೀನು. ಅಡುಗೆ ಮಾಡಿದವಳು ಕೊನೆಗೆ ತಿನ್ನುವುದನ್ನು ನನ್ನಿಂದಲೇ ಕಲಿತದ್ದಲ್ಲವೇ? ಹಳಸಿದ್ದನ್ನು ಚೆಲ್ಲುವುದನ್ನು ನಾನು ಕಲಿಸಲಿಲ್ಲ, ಅದು ನನ್ನ ತಪ್ಪೇ ಇರಬಹುದು.

ಒಂದೇ ಮಾತಿಗೆ ನನಗೆ ಸಮಾಧಾನವಿಲ್ಲ. ಹಸುವಿಗೆ ಚುಚ್ಚುವಾಗ ನೀನು ಅದಕ್ಕೆ ಕಾರಣ ಹೇಳುವುದಿಲ್ಲ. ಬೆನ್ನು ಸವರುತ್ತೀಯ, ಮೆಲ್ಲಗೆ ಮಾತಾಡಿಸುತ್ತೀಯ, ಚುಚ್ಚುತ್ತೀಯ. ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ, ಸರಿ. ನನಗೆ ತಿಳಿಯುತ್ತಿತ್ತಲ್ಲ. ನನ್ನ ಬೆನ್ನು ಸವರಿ ಚುಚ್ಚಿಸಿದೆಯಲ್ಲ ಪುಟ್ಟಿ. ನೀನು ಹೇಳಿದ್ದರೆ ನಾನು ಹೆದರುತ್ತಿದ್ದೆ. ಹೆದರಿಕೆ ನನ್ನದು, ಅದನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಉತ್ತರವಿಲ್ಲದೆ ಬಂದ ಆ ಪ್ರಶ್ನೆಯನ್ನು ಕಣಜಕ್ಕೆ ಹಾಕಿದವಳು ನೀನೇ ಎಂದು ನನ್ನ ಮನಸ್ಸು ಹೇಳುತ್ತದೆ. ಲೋಕದ ಮೇಷ್ಟ್ರುಗಳನ್ನೆಲ್ಲ ಕೇಳಿದೆ, ಹೇಳಬೇಕಿತ್ತೋ ಬೇಡವೋ ಎಂದು. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದವಳನ್ನು ಕೇಳಲಿಲ್ಲ. ನನ್ನ ಉತ್ತರ ಬರೆದುಕೋ: ಹೇಳಬೇಕಿತ್ತು. ಇದನ್ನು ನಿಮ್ಮ ಕಣಜಕ್ಕೆ ಹಾಕು. ನಾಯಿ ಕಳೆದುಕೊಂಡವಳು ಹೇಳಿದಳು ಎಂದು ಹಾಕು.

ನನಗೆ ಬೇಕಾದ್ದು ಇಷ್ಟು. ಮೂರನೆಯವಳು ಹೇಳಿದ್ದು ನಮ್ಮ ದೊರೆಯ ಕಥೆಯೇ ಹೌದೋ ಅಲ್ಲವೋ, ಅಡ್ಡಗೋಡೆಯ ಮೇಲೆ ದೀಪ ಇಡದೆ ಬರೆ. ಅವನನ್ನು ಮಲಗಿಸಿದ್ದು ನೀನೇನಾ, ಬೇರೆಯವರಾ? ನೀನೇ ಆದರೆ ಆಗಲೂ ಗ್ಲೌಸ್ ಇತ್ತಾ? ಅವನು ನಿನ್ನ ಗುರುತು ಹಿಡಿದನಾ? ಇದನ್ನು ಬಾಯಿಬಡುಕನಿಂದ ಕೇಳಲು ನನಗೆ ಇಷ್ಟವಿಲ್ಲ.

ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ಒಂದು ಸಾಲನ್ನೂ ಹೊಡೆದು ಹಾಕಿಲ್ಲ. ನಿನ್ನ ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ತಿನ್ನು.

ಇಂತಿ,
ಸಂಶಯದ ಮುದುಕಿಯಾದರೂ ನಿನ್ನವಳೇ ಆದ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆಗೆ ಅಂಟು ಹಚ್ಚಿದವಳು ತಿರುಗಿ ಬಿಚ್ಚಿದ್ದೇನೆ. ಆ ಕ್ಲಿನಿಕ್ಕಿಗೆ ನಾನು ಹೋಗಲೇ ಇಲ್ಲ ಪುಟ್ಟಿ. ಬಿಸಿಲಿತ್ತು, ಬಸ್ಸಿನಲ್ಲಿ ಜನ ತುಂಬಿದ್ದರು, ಶಕ್ತಿಯ ಇಂಜೆಕ್ಷನ್ ತಾನೆ, ನನಗಿರುವ ಶಕ್ತಿ ಸಾಕು ಎಂದುಕೊಂಡು ಬಸ್ ಸ್ಟಾಪಿನಿಂದಲೇ ಮನೆಗೆ ಬಂದೆ. ನೀನು ಕೇಳಿದಾಗಲೆಲ್ಲ ಆಯ್ತು ಎಂದದ್ದು ಸುಳ್ಳು. ನಿಜ ಗೊತ್ತಿದ್ದರೆ ತೆವಳಿಕೊಂಡಾದರೂ ಹೋಗುತ್ತಿದ್ದೆ. ಹುಚ್ಚು ತಗುಲಿದವರಿಗೆ ನೀರು ಇಳಿಯುವುದಿಲ್ಲವಂತೆ, ಮೊನ್ನೆಯಿಂದ ನೀರು ಕುಡಿಯುವಾಗಲೆಲ್ಲ ಗಂಟಲು ಸರಿಯಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದೇನೆ. ಸರಿಯಾಗಿಯೇ ಇಳಿಯುತ್ತಿದೆ. ಭಾನುವಾರವಾದರೂ ದೊಡ್ಡಾಸ್ಪತ್ರೆಯ ತುರ್ತು ಬಾಗಿಲು ತೆರೆದಿರುತ್ತದಂತೆ, ಕಂಡಕ್ಟರ್ ವಿಚಾರಿಸಿ ಬಂದು ಹೊರಗೆ ಕಾಯುತ್ತಿದ್ದಾನೆ. ಈಗಲೇ ಹೊರಟಿದ್ದೇನೆ. ಎಲ್ಲವನ್ನೂ ಹೇಳುತ್ತೇನೆ. ಚುಚ್ಚಲು ಬಂದವರನ್ನು ಇದು ಯಾವ ಔಷಧಿ, ಯಾವ ರೋಗಕ್ಕೆ ಎಂದು ಕೇಳುತ್ತೇನೆ, ಎರಡು ಸಲ ಹೇಳಿಸಿಕೊಳ್ಳುತ್ತೇನೆ, ಆಮೇಲೆ ತೋಳು ಕೊಡುತ್ತೇನೆ.